ಕೌದಿಯ ಹೊಲಿಗೆಯೂ ಇಳಿಬಿಸಿಲೂ

ಕೌದಿಯನ್ನು ಕಾಣದ ಕನ್ನಡ ಮನೆಗಳು ವಿರಳ. ಸವೆದ ಸೀರೆ, ಹರಿದ ಧೋತರ, ಬಣ್ಣಗೆಟ್ಟ ಅಂಗಿ, ಮಕ್ಕಳಿಗೆ ಗಿಡ್ಡವಾದ ಪರಕರ ಮೊದಲಾದವೆಲ್ಲ ಒಂದರ ಮೇಲೊಂದು ಪದರಾಗಿ ಸೇರಿ, ಸೂಜಿದಾರಗಳ ಬಲದಿಂದ ಇನ್ನೂ ಹಲವು ಚಳಿಗಾಲಗಳನ್ನು ಕಳೆಯಬಲ್ಲ ಹೊದಿಕೆಯಾಗುವುವು. ಇದನ್ನು ಕೆಲವೆಡೆ ಕವುದಿಯೆಂದೂ ಕೆಲವೆಡೆ ಬೊಂತೆಯೆಂದೂ ಕರೆಯುವುದುಂಟು. ‘ಕಂತೆಗೆ ತಕ್ಕ ಬೊಂತೆ’ಯೆಂಬ ಗಾದೆಯನ್ನು ನಾವು ಪರಿಹಾಸ್ಯಕ್ಕಾಗಿ ಆಡುವೆವಾದರೂ, ಅದರಲ್ಲಿ ಬರುವ ಎರಡು ಪದಗಳೂ ಚಿಂದಿಬಟ್ಟೆಯ ನಂಟುಳ್ಳವೆಂಬುದನ್ನು ನೆನೆಯುವವರು ಕಡಿಮೆ.

ಬಡತನದ ಗುರುತೆಂದು ಪೆಟ್ಟಿಗೆಯ ತಳ ಸೇರಿದ್ದ ಈ ಹೊದಿಕೆಗೆ ಈಚೆಗೆ ಮತ್ತೆ ಮಾನ ಬಂದಿರುವುದು. ಪಟ್ಟಣದವರು ಅದನ್ನು ಬೆಲೆಕೊಟ್ಟು ಕೊಳ್ಳುವರು. ಮಂಚದ ಮೇಲೆ ಹಾಸುವರು. ಕೆಲವರು ಗೋಡೆಗೂ ತೂಗುಹಾಕುವರು. ಆದರೆ ಹೀಗೆ ಕೊಳ್ಳುವವರಲ್ಲಿ ಬಹುಮಂದಿ ಮೊದಲು ಅದನ್ನು ಕೈಯಿಂದ ಮುಟ್ಟಿ ನೋಡಿದವರಲ್ಲ. ಮೊಬೈಲಿನಲ್ಲಿ ಬಂದ ಚಿತ್ರವನ್ನು ನೋಡಿ ಮನಸ್ಸು ಮಾಡುವವರು. ಆದುದರಿಂದ ಕೌದಿಯ ಭಾಗ್ಯವು ಇಂದು ಅದನ್ನು ಹೊಲಿದವಳ ಕೈಯಲ್ಲಿರುವಷ್ಟೇ ಅದರ ಚಿತ್ರ ತೆಗೆದವರ ಕೈಯಲ್ಲಿಯೂ ಇರುವುದು. ಆ ಚಿತ್ರದಲ್ಲಿ ಬಣ್ಣ ಬರುವುದು, ತುಂಡುಗಳ ಹೊಂದಿಕೆ ಬರುವುದು. ಬಾರದೆ ಉಳಿಯುವುದು ಹೊಲಿಗೆ. ಹೊಲಿಗೆಯೇ ಕಾಣದ ಮೇಲೆ, ದಿನಗಟ್ಟಲೆ ಕುಳಿತು ಕೈಯಿಂದ ಹೊಲಿದ ಕೌದಿಗೂ, ಕೌದಿಯಂತೆ ತೋರಲೆಂದು ಗಿರಣಿಯಲ್ಲಿ ಚೌಕಚೌಕವಾಗಿ ಅಚ್ಚೊತ್ತಿದ ಚಾದರಕ್ಕೂ ಏನು ಭೇದ? ಈ ಸಂಗತಿಯನ್ನು ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಅಂಗಳದಲ್ಲಿ ಕಣ್ಣಾರೆ ಕಂಡೆನಾಗಿ, ಅದನ್ನೇ ಇಲ್ಲಿ ವಾಚಕರ ಮುಂದಿಡಲು ಬಯಸುವೆನು.

ಧಾರವಾಡವನ್ನು ಬಿಟ್ಟು ಹಳಿಯಾಳದ ಹಾದಿ ಹಿಡಿದ ಬಸ್ಸಿನಲ್ಲಿ ಕುಳಿತವನಿಗೆ ನೆಲದ ಬಣ್ಣ ಬದಲಾಗುವುದನ್ನು ನೋಡುವುದೇ ಒಂದು ವಿನೋದ. ಎರೆಯ ಹೊಲಗಳು ಹಿಂದುಳಿಯುವುವು; ಕೆಂಪು ನೆಲ ಮೊದಲಾಗುವುದು; ಗದ್ದೆಗಳೂ ಕಬ್ಬಿನ ಹೊಲಗಳೂ ಸರಿದುಹೋಗುತ್ತಿರುವಂತೆಯೇ ಸಾಗವಾನಿಯೂ ಬಿದಿರೂ ದಾರಿಯ ಎರಡೂ ಬದಿಗೆ ಬಂದು ನಿಲ್ಲುವುವು. ಹಳಿಯಾಳವು ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದರೂ ಅಲ್ಲಿಯ ಮಾತಿನ ಧಾಟಿ ಧಾರವಾಡದ ಕಡೆಯದು. ಅಲ್ಲಿಂದ ಯಲ್ಲಾಪುರದ ಕಡೆಗೂ ದಾಂಡೇಲಿಯ ಕಡೆಗೂ ಕಾಡು ದಟ್ಟವಾಗುತ್ತ ಹೋಗುವುದು. ನಾನು ಹೋದುದು ಮಾಘ ಮಾಸದಲ್ಲಿ. ಸಾಗವಾನಿಯ ಅಗಲವಾದ ಎಲೆಗಳು ಉದುರಿ, ನಡೆದವನ ಕಾಲಡಿಯಲ್ಲಿ ಹಪ್ಪಳದಂತೆ ಸಪ್ಪಳಮಾಡುತ್ತಿದ್ದುವು.

ಈ ಕಾಡಿನ ನಡುವೆ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆ ಮೊದಲಾದ ತಾಲೂಕುಗಳಲ್ಲಿ, ಸಿದ್ದಿಯರ ಕೇರಿಗಳು ಚೆದರಿಕೊಂಡಿರುವುವು. ಇವರ ಮೂಲಪುರುಷರು ಆಫ್ರಿಕ ಖಂಡದವರು. 16ನೆಯ ಶತಮಾನದಿಂದ ಪೋರ್ತುಗೀಜರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ಒಡೆಯರ ಕೈತಪ್ಪಿಸಿಕೊಂಡು ಘಟ್ಟವನ್ನೇರಿ ಈ ಅರಣ್ಯಗಳನ್ನು ಸೇರಿದರು. ದಖ್ಖನಿನ ಸುಲ್ತಾನರ ಸೇನೆಗಳಲ್ಲಿಯೂ ಹಬಸಿಗಳೆಂಬ ಆಫ್ರಿಕದ ಯೋಧರಿದ್ದರು; ಅಹಮದನಗರದ ಮಲಿಕ್ ಅಂಬರನ ಹೆಸರನ್ನು ಇತಿಹಾಸ ಓದಿದವರೆಲ್ಲ ಬಲ್ಲರು. ಆದರೆ ಕಾಡು ಸೇರಿದವರ ಪಾಲಿಗೆ ಬಂದುದು ರಾಜ್ಯವಲ್ಲ, ಕೂಲಿ. ಇಂದು ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಮನೆಯಲ್ಲಿ ಕೊಂಕಣಿ ಬೆರೆತ ನುಡಿಯನ್ನೋ ಉರ್ದುವನ್ನೋ ಆಡಿದರೂ ಸಂತೆಯಲ್ಲಿ, ಶಾಲೆಯಲ್ಲಿ ಕನ್ನಡವೇ. 2003ರಲ್ಲಿ ಸರಕಾರವು ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿಸಿತು.

ಪರಿಚಿತರೊಬ್ಬರ ಮೂಲಕ ಹೇಳಿಕಳುಹಿಸಿದ್ದುದರಿಂದ, ನಾನು ಹೋದ ಮನೆಯಲ್ಲಿ ಅಜ್ಜಿಯೊಬ್ಬರೂ ಅವರ ಮೊಮ್ಮಗಳೂ ಕಾದಿದ್ದರು. ಅಂಗಳವನ್ನು ಸೆಗಣಿಯಿಂದ ಸಾರಿಸಿ ಒಪ್ಪಮಾಡಿದ್ದರು. ಹಂಚಿನ ಮಾಡು, ಮಣ್ಣಿನ ಗೋಡೆ, ಮುಂದೊಂದು ಹಲಸಿನ ಮರ. ಅಜ್ಜಿ ಮರದಡಿಯಲ್ಲಿ ಅರ್ಧವಾದ ಕೌದಿಯೊಂದನ್ನು ಹರಡಿಕೊಂಡು ಹೊಲಿಯುತ್ತ ಕುಳಿತಿದ್ದರು. ಸಿದ್ದಿಯರು ತಮ್ಮ ಕೌದಿಯನ್ನು ಕವಂದಿಯೆನ್ನುವರು.

ಬಯಲುಸೀಮೆಯ ನಮ್ಮ ಕೌದಿಯನ್ನು ಬಲ್ಲವರಿಗೆ ಅವರು ಹೊಲಿಯುವ ರೀತಿ ಹೊಸದಾಗಿ ತೋರುವುದು. ನಮ್ಮಲ್ಲಿ ಸಾಮಾನ್ಯವಾಗಿ ಹಾಸುಬಟ್ಟೆಯ ಮೇಲೆ ತುಂಡುಗಳನ್ನೆಲ್ಲ ಜೋಡಿಸಿಕೊಂಡು, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಉಳುಮೆಯ ಸಾಲಿನಂತೆ ನೇರವಾಗಿ ದಾರವೋಡಿಸುವರು. ಸಿದ್ದಿ ಹೆಣ್ಣುಮಕ್ಕಳು ಹಾಗಲ್ಲ. ಬೆನ್ನಿಗೊಂದು ಹಳೆಯ ಹತ್ತಿಯ ಸೀರೆಯನ್ನಿಟ್ಟು, ಒಂದು ಮೂಲೆಯಿಂದ ತೊಡಗಿ, ಅಂಚನ್ನು ಹಿಡಿದು ಸುತ್ತುತ್ತ ಬರುವರು. ಒಂದೊಂದು ತುಂಡಿನ ಅಂಚನ್ನೂ ಆಗಿಂದಾಗಲೇ ಬೆರಳಿನಿಂದ ಒಳಮಡಿಸಿ, ಓಟದ ಹೊಲಿಗೆಯಿಂದ ಕೂಡಿಸಿ, ಅದು ಮುಗಿಯುವಲ್ಲಿ ಮತ್ತೊಂದನ್ನಿಡುವರು. ನಾಲ್ಕು ಬದಿಯ ಸುತ್ತು ಮುಗಿದ ಮೇಲೆ ಒಳಗಿನ ಸುತ್ತು, ಅದರೊಳಗೆ ಇನ್ನೊಂದು. ದೇವಸ್ಥಾನದ ಪ್ರಾಕಾರಗಳನ್ನು ದಾಟುತ್ತ ಗರ್ಭಗುಡಿಗೆ ಬಂದಂತೆ ಸೂಜಿಯು ಕಡೆಗೆ ನಡುವಿಗೆ ಬಂದು ನಿಲ್ಲುವುದು. ಮೊದಲೇ ಗೀಚಿಕೊಂಡ ನಕಾಶೆಯೊಂದೂ ಅಲ್ಲಿರಲಿಲ್ಲ. ಕೆಂಪಿನ ಬಳಿಯಲ್ಲಿ ಹಳದಿಯನ್ನಿಡಬೇಕೆ ಕಪ್ಪನ್ನಿಡಬೇಕೆ ಎಂಬುದನ್ನು ಆ ಗಳಿಗೆಯಲ್ಲಿ ಕೈಗೆ ಬಂದ ತುಂಡೇ ತೀರ್ಮಾನಿಸುತ್ತಿದ್ದಂತೆ ನನಗೆ ತೋರಿತು. ಆದರೆ ಅಜ್ಜಿ ಎರಡು ಬಾರಿ ಒಂದೇ ತುಂಡನ್ನಿಟ್ಟು, ತಲೆಯೋರೆಮಾಡಿ ನೋಡಿ, ತೆಗೆದಿಟ್ಟುದನ್ನು ಕಂಡ ಮೇಲೆ ಆ ಭ್ರಮೆ ಉಳಿಯಲಿಲ್ಲ.

ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋಣವಾಗಿ ಮಡಿಸಿ, ಪದರಪದರವಾಗಿ ಇಟ್ಟು ಹೊಲಿದ ಚಿಕ್ಕ ಮೊಗ್ಗುಗಳಿರುವುವು. ಇವುಗಳಿಗೆ ಫುಲಾ, ಎಂದರೆ ಹೂವು, ಎಂದು ಹೆಸರು. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಮೈಮೇಲೆ ಬಟ್ಟೆಯಿಲ್ಲದ್ದು. ಕ್ರೈಸ್ತರ ಮನೆಯ ಕೌದಿಗಳಲ್ಲಿ ಶಿಲುಬೆಯೂ ಮುಸಲ್ಮಾನರವುಗಳಲ್ಲಿ ಅರ್ಧಚಂದ್ರವೂ ಕೆಲವೊಮ್ಮೆ ಕಾಣಿಸಿಕೊಳ್ಳುವುವು. ಆದರೆ ಹೊಲಿಯುವ ಕ್ರಮ ಎಲ್ಲರದೂ ಒಂದೇ. ನಡುವಿನ ಕಡೆಯ ತುಂಡನ್ನು ಮುಚ್ಚುವ ಮುನ್ನ ಕೆಲವರು ಅದರಡಿಯಲ್ಲಿ ನಾಲ್ಕು ಅಕ್ಕಿಕಾಳುಗಳನ್ನಿಡುವರು. ಕೌದಿಯ ಹೊಟ್ಟೆ ಬರಿದಾಗಿರಬಾರದಂತೆ. ಬಯಲುಸೀಮೆಯ ಹಳ್ಳಿಗಳಲ್ಲಿಯೂ ಕೌದಿಯ ಹೊಟ್ಟೆ ತುಂಬಿಸುವ ಮಾತನ್ನು ಕೇಳಿದ್ದೇನೆ. ಅಲ್ಲಿ ಅಕ್ಕಿಯ ಸ್ಥಳದಲ್ಲಿ ರೊಟ್ಟಿಯದೋ ಹೋಳಿಗೆಯದೋ ಚೂರು ಬರುವುದು. ಹಸಿದವರನ್ನು ಹೊದಿಸುವ ವಸ್ತುವಿಗೆ ಮೊದಲು ಉಣಿಸಬೇಕೆಂದು ಎರಡು ಕಡೆಯ ಹೆಂಗಸರಿಗೂ ತೋರಿದುದು ಎಂತಹ ಸೊಗಸು!

ಮೊಮ್ಮಗಳು ಕಾಲೇಜಿನಲ್ಲಿ ಓದಿದವಳು. ಕೇರಿಯವರ ಕೌದಿಗಳನ್ನು ಮಾರಿಸುವ ಹೊಣೆಯನ್ನು ತಾನಾಗಿಯೇ ಹೊತ್ತಿದ್ದಳು. ಅವಳು ತನ್ನ ಮೊಬೈಲಿನಲ್ಲಿದ್ದ ಚಿತ್ರಗಳನ್ನು ನನಗೆ ತೋರಿಸಿದಳು. ನಡುಹಗಲಿನಲ್ಲಿ ಅಂಗಳದಲ್ಲಿ ಹಾಸಿ ತೆಗೆದ ಕೆಲವು. ರಾತ್ರಿ ಮನೆಯೊಳಗೆ ಮೊಬೈಲಿನ ಮಿಂಚುದೀಪ ಹಾಕಿ ತೆಗೆದ ಕೆಲವು. ತಂತಿಯ ಮೇಲೆ ಹರವಿ, ಗಾಳಿಗೆ ಹಾರುತ್ತಿರುವಾಗ ತೆಗೆದ ಒಂದೆರಡು. ಬಣ್ಣಗಳು ಮಾತ್ರ ಢಾಳಾಗಿ ಬಂದಿದ್ದುವು. ಹೊಲಿಗೆಯ ಸುಳಿವೂ ಇರಲಿಲ್ಲ. ಕೌದಿಯು ಕಾಗದದ ಮೇಲೆ ಬಣ್ಣ ಬಳಿದಂತೆ ಚಪ್ಪಟೆಯಾಗಿತ್ತು.

“ಅಣ್ಣಾರ, ಇದನ್ನ ನೋಡಿ ಪ್ಯಾಟಿಯವರು ‘ಮಶೀನಿಂದೇನು?’ ಅಂತ ಕೇಳತಾರ,” ಎಂದಳು ಅವಳು. “ಒಬ್ಬರು ‘ಪ್ರಿಂಟ್ ಇದ್ದಂಗ ಐತಿ, ಅರ್ಧಾ ರೊಕ್ಕಕ್ಕ ಕೊಡು’ ಅಂದ್ರು. ಮಶೀನಿಂದ ಆಗಿದ್ರ ನಾ ಯಾಕ ಅಜ್ಜಿ ಕಣ್ಣ ನೋಯಿಸಲಿ?”

ಮನೆಗೆಲಸ, ಕಾಡಿನ ಕೆಲಸಗಳ ನಡುವೆ ಎರಡಾಳಿನ ಆ ಕೌದಿಗೆ ಒಂದು ತಿಂಗಳು ಹಿಡಿಯಿತಂತೆ. ಅರ್ಧ ಬೆಲೆಯೆಂದರೆ ಹದಿನೈದು ದಿನಗಳ ದುಡಿಮೆಯನ್ನು ಇಲ್ಲವೆಂದಂತೆಯೇ. ಕೇಳಿದವರು ಕೆಟ್ಟವರೆಂದು ನಾನು ಹೇಳಲಾರೆನು. ಅವರ ಕಣ್ಣಿಗೆ ಬಿದ್ದುದು ಆ ಚಿತ್ರ. ಆ ಚಿತ್ರದಲ್ಲಿ ದುಡಿಮೆ ಇರಲಿಲ್ಲ.

ಇದಕ್ಕೆ ಕಾರಣವು ಬಹಳ ಸರಳವಾದುದು. ಹೊಲಿಗೆಯೆಂಬುದು ಬಣ್ಣವಲ್ಲ, ಉಬ್ಬುತಗ್ಗು. ದಾರವು ಬಟ್ಟೆಯನ್ನು ಎಳೆದು ಹಿಡಿದಲ್ಲಿ ತಗ್ಗು, ಎರಡು ಸಾಲುಗಳ ನಡುವೆ ಉಬ್ಬು. ಉಬ್ಬುತಗ್ಗುಗಳನ್ನು ಕಣ್ಣು ಅರಿಯುವುದು ನೆರಳಿನಿಂದ. ನೋಡುವ ಕಣ್ಣಿನ ಕಡೆಯಿಂದಲೇ ಬೆಳಕು ಬಿದ್ದರೆ ನೆರಳು ಉಬ್ಬಿನ ಹಿಂದೆ ಅಡಗುವುದು. ಮೊಬೈಲಿನ ಮಿಂಚುದೀಪವು ಮಾಡುವುದು ಇದನ್ನೇ. ನಡುಹಗಲಿನ ಸೂರ್ಯನು ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ನೆತ್ತಿಯಿಂದ ಬೆಳಗುವಾಗಲೂ ಹೀಗೆಯೇ. ಬೆಳಕು ಬಟ್ಟೆಯ ಮೈಯನ್ನು ಸವರಿಕೊಂಡು ಓರೆಯಾಗಿ ಬಂದರೆ ಮಾತ್ರ ಒಂದೊಂದು ಉಬ್ಬೂ ತನ್ನ ಪಕ್ಕದಲ್ಲಿ ಒಂದೊಂದು ನೆರಳನ್ನು ಚೆಲ್ಲುವುದು.

ನಮ್ಮ ನಾಡಿನಲ್ಲಿ ಶಿಲಾಶಾಸನಗಳನ್ನು ಓದುವವರಿಗೆ ಇದು ಹಳೆಯ ವಿದ್ಯೆ. ಮಳೆಗಾಳಿಗಳಿಗೆ ಸವೆದ ಕಲ್ಲಿನ ಎದುರು ನಡುಹಗಲಿನಲ್ಲಿ ನಿಂತವನಿಗೆ ಒಂದಕ್ಷರವೂ ತೋರದು. ಅದೇ ಕಲ್ಲಿಗೆ ಇಳಿಬಿಸಿಲು ಪಕ್ಕದಿಂದ ತಾಗಿದಾಗಲೋ, ಕತ್ತಲೆಯಲ್ಲಿ ಬದಿಯಿಂದ ದೀಪ ಹಿಡಿದಾಗಲೋ, ಸಾಲುಸಾಲಾಗಿ ಅಕ್ಷರಗಳು ಏಳುವುವು. ವೀರಗಲ್ಲುಗಳ ಚಿತ್ರ ತೆಗೆಯುವ ಹವ್ಯಾಸದಿಂದ ನನಗೂ ಇದರ ಪರಿಚಯವಿದ್ದುದರಿಂದ, ಕೌದಿಯನ್ನೂ ಶಾಸನದಂತೆಯೇ ಓದಬೇಕೆಂದು ಮೊಮ್ಮಗಳಿಗೆ ಹೇಳಿದೆನು. ಅವಳು ನಕ್ಕಳು. ಆದರೆ ನಾಲ್ಕು ಗಂಟೆಯಾಗುವವರೆಗೆ ಕಾಯಲು ಒಪ್ಪಿದಳು.

ಅಷ್ಟರೊಳಗೆ ಇಡೀ ಕೌದಿಯ ಚಿತ್ರವನ್ನು ತೆಗೆದೆವು. ಇದಕ್ಕೆ ಓರೆಬೆಳಕು ಬೇಕಿಲ್ಲ. ಎಲ್ಲೆಡೆಯೂ ಸಮನಾದ ಬೆಳಕು ಬೇಕು. ಹಲಸಿನ ಮರದ ನೆರಳು ಹಿತವಾಗಿದ್ದರೂ ಅಲ್ಲಿ ತೆಗೆಯಲಾಗದು. ಎಲೆಗಳ ನಡುವಿನಿಂದ ಬಂದ ಬೆಳಕು ಹಸುರಾಗಿ, ಬಿಳಿಯ ತುಂಡುಗಳಿಗೆಲ್ಲ ಪಾಚಿಯ ಬಣ್ಣವನ್ನು ಬಳಿಯುವುದು. ಮಳೆಗಾಲದಲ್ಲಿ ಮನೆಯ ಮುಂದೆ ಕಟ್ಟುವ ನೀಲಿಯ ತಾಡಪಾಲು ಇನ್ನೂ ಕೆಟ್ಟುದು. ಆದುದರಿಂದ ಮನೆಯ ಮೂಡುಗೋಡೆಯ ಹೊರಮೈಗೆ, ಸಂಜೆಯ ಕಡೆಗೆ ನೆರಳು ಬಿದ್ದು ಎದುರಿಗೆ ತೆರವಾದ ಆಕಾಶವಿದ್ದ ಕಡೆ, ಬಿದಿರಿನ ಗಳುವಿಗೆ ಹಾಕಿ ತೂಗಿದೆವು. ಕ್ಯಾಮೆರಾವನ್ನು ಕೌದಿಯ ನಟ್ಟನಡುವಿನ ಎತ್ತರಕ್ಕೆ ಮುಕ್ಕಾಲಿಯ ಮೇಲೆ ನಿಲ್ಲಿಸಿ, ನಾಲ್ಕು ಮೂಲೆಗಳೂ ಚೌಕಟ್ಟಿನಿಂದ ಸಮದೂರದಲ್ಲಿರುವಂತೆ ನೋಡಿಕೊಂಡೆವು. ಮೇಲಿನಿಂದಲೋ ಕೆಳಗಿನಿಂದಲೋ ತೆಗೆದರೆ ಆಯತವು ಮೊರದ ಆಕಾರವನ್ನು ತಾಳುವುದು. ಮೊಬೈಲಿನಿಂದ ತೆಗೆಯುವವರು ಹತ್ತಿರ ನಿಂತರೆ ಅಂಚುಗಳು ಹೊಟ್ಟೆಯುಬ್ಬಿದಂತೆ ಬಾಗುವುವು; ಹಿಂದೆ ಸರಿದು ನಿಂತು ಎರಡರಷ್ಟು ಹಿಗ್ಗಿಸಿ ತೆಗೆಯುವುದು ಮೇಲು. ಬಹಳ ಹಳೆಯ, ಜೀರ್ಣವಾದ ಕೌದಿಯನ್ನು ಮಾತ್ರ ತೂಗಬಾರದು. ತನ್ನ ಭಾರಕ್ಕೆ ತಾನೇ ಹರಿಯುವುದು. ಅದನ್ನು ಚಾಪೆಯ ಮೇಲೆ ಹಾಸಿ, ಏಣಿಯನ್ನೋ ಹೊರಸನ್ನೋ ಏರಿ ಮೇಲಿನಿಂದ ತೆಗೆಯತಕ್ಕದ್ದು.

ಬಿಸಿಲು ಇಳಿಯಿತು. ಚಾಪೆ ಹಾಸಿ, ಅದರ ಮೇಲೆ ಕೌದಿಯನ್ನು ಹರಡಿದೆವು. ಪಡುವಣ ಬದಿಯಿಂದ ಬಂದ ಬೆಳಕು ಅದರ ಮೇಲೆ ಹರಿದಾಗ, ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ವಸ್ತುವು ಉತ್ತು ಬಿಟ್ಟ ಹೊಲದಂತೆ ಎದ್ದಿತು. ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆಗಳು, ಒಂದರ ಪಕ್ಕದಲ್ಲಿ ಒಂದು ಸಾಲಾಗಿ, ಲೆಕ್ಕಿಸಬಹುದಾದಷ್ಟು ಸ್ಪಷ್ಟವಾಗಿ ಕಂಡುವು. ಆದರೆ ಎಲ್ಲ ಕಡೆಯಲ್ಲಿಯೂ ಅಲ್ಲ. ಬಡಗಣ ತೆಂಕಣವಾಗಿ ಓಡಿದ ಸಾಲುಗಳು ಎದ್ದು ತೋರುತ್ತಿರುವಾಗ, ಮೂಡಣ ಪಡುವಣವಾಗಿ ಓಡಿದವು ಮೊದಲಿನಂತೆಯೇ ಮಲಗಿದ್ದುವು.

ಇಲ್ಲಿಯೇ ಸಿದ್ದಿಯರ ಕೌದಿಗೂ ನಮ್ಮ ಕೌದಿಗೂ ಚಿತ್ರಗಾರನ ದೃಷ್ಟಿಯಿಂದ ಇರುವ ಭೇದ. ಸಾಲಿಗೆ ಅಡ್ಡವಾಗಿ ಬಿದ್ದ ಬೆಳಕು ಸಾಲನ್ನು ಎತ್ತಿತೋರಿಸುವುದು. ಸಾಲಿನ ಉದ್ದಕ್ಕೇ ಹರಿದ ಬೆಳಕಿಗೆ ಸಾಲು ಸಿಕ್ಕದು. ಬಯಲುಸೀಮೆಯ ಕೌದಿಯಲ್ಲಿ ಸಾಲುಗಳೆಲ್ಲ ಒಂದೇ ದಿಕ್ಕಿನವಾದುದರಿಂದ, ಅವುಗಳಿಗೆ ಅಡ್ಡವಾಗಿ ಬೆಳಕು ಬರುವಂತೆ ಹಾಸಿದರೆ ಕೆಲಸವಾಯಿತು. ಸಿದ್ದಿಯರ ಕವಂದಿಯಲ್ಲಿ ಸೂಜಿಯು ನಾಲ್ಕು ಬದಿಗೂ ಸುತ್ತುವುದರಿಂದ, ಬೆಳಕು ಯಾವ ಒಂದು ಬದಿಯಿಂದ ಬಂದರೂ ಎರಡು ಬದಿಯ ಹೊಲಿಗೆ ಅಡಗಿಯೇ ತೀರುವುದು. ಇದಕ್ಕೆ ಎರಡು ಉಪಾಯಗಳು. ಕೌದಿಯನ್ನು ತಿರುಗಿಸಿ, ಬೆಳಕು ಅದರ ಮೂಲೆಯಿಂದ ಬರುವಂತೆ ಮಾಡಿದರೆ ಎರಡು ದಿಕ್ಕಿನ ಸಾಲುಗಳಿಗೂ ಅದು ಓರೆಯಾಗಿ ತಾಗಿ, ಎಲ್ಲವೂ ತಕ್ಕಮಟ್ಟಿಗೆ ತೋರುವುವು. ಇಲ್ಲವಾದರೆ ಎರಡು ದಿಕ್ಕಿಗೆ ಎರಡು ಚಿತ್ರ. ಮೂಲೆಯ ಫುಲಾಗಳಿಗಂತೂ ಮೂಲೆಯ ಬೆಳಕೇ ಒಪ್ಪುವುದು. ಮಡಿಕೆಯ ಮೇಲಿನ ಮಡಿಕೆ ಬಿರಿಯುತ್ತಿರುವ ಮೊಗ್ಗಿನಂತೆ ಕಾಣುವುದು.

ನಾವು ಕೌದಿಯನ್ನು ಹಾಗೆ ಓರೆಯಾಗಿ ತಿರುಗಿಸಿದಾಗ ಅಜ್ಜಿ ಹೊಲಿಯುವುದನ್ನು ನಿಲ್ಲಿಸಿ ಎದ್ದು ಬಂದರು. ತಾವೇ ಹೊಲಿದುದನ್ನು ಬಹಳ ಹೊತ್ತು ನೋಡಿದರು.

“ಇಲ್ಲಿ ನೋಡ, ಈ ಸಾಲು ಸೊಟ್ಟ ಆಗೇತಿ. ಆವತ್ತು ಜ್ವರಾ ಬಂದಿತ್ತು,” ಎಂದರು.

ಮೊಮ್ಮಗಳು ಆ ಭಾಗವನ್ನು ಬಿಟ್ಟು ತೆಗೆಯೋಣವೆಂದಳು. ನನ್ನ ಅಭಿಪ್ರಾಯ ಬೇರೆ. ಯಂತ್ರಕ್ಕೆ ಜ್ವರ ಬಾರದು. ಆ ಸೊಟ್ಟ ಸಾಲನ್ನೇ ಚಿತ್ರದ ನಡುವಿಗೆ ತಂದು ತೆಗೆದೆನು. ಅಜ್ಜಿಗೆ ಇದು ಅಷ್ಟಾಗಿ ರುಚಿಸಲಿಲ್ಲವೆಂಬುದನ್ನೂ ಹೇಳಬೇಕು. ಕೆಲಸಗಾರನಿಗೆ ತನ್ನ ಒಳ್ಳೆಯ ಸಾಲೇ ಹೊರಗೆ ಕಾಣಬೇಕೆಂಬ ಆಸೆ ಸಹಜವಾದುದು. ಅವರ ಮಾತಿಗೊಪ್ಪಿ ನೇರವಾದ ಸಾಲುಗಳನ್ನೂ ತೆಗೆದು, ಯಾವುದನ್ನು ಕಳುಹಿಸಬೇಕೆಂಬುದನ್ನು ಅವರಿಗೇ ಬಿಟ್ಟೆನು.

ಹೊರಗಿನ ಬಿಸಿಲು ಎಷ್ಟೇ ಇಳಿದಿದ್ದರೂ ಸ್ವಲ್ಪ ಕಟುವಾದುದೇ. ಕಪ್ಪು ತುಂಡಿನ ಮೇಲಿನ ಬಿಳಿಯ ದಾರವು ಸುಟ್ಟಂತೆ ಬೆಳ್ಳಗಾಗಿ ಎಳೆಯೇ ಕಾಣದಂತಾಗುವುದು. ಇದಕ್ಕೆ ಕ್ಯಾಮೆರಾಕ್ಕೆ ಬೆಳಕನ್ನು ಒಂದಿಷ್ಟು ಕಡಿಮೆ ಕೊಡಬೇಕು. ಮೊಬೈಲಿನಲ್ಲಾದರೆ ಬಿಳಿಯ ದಾರದ ಮೇಲೆ ಬೆರಳೊತ್ತಿ, ತೋರಿದ ಗುರುತನ್ನು ಕೆಳಗೆ ಸರಿಸಿದರಾಯಿತು. ಬಿಳಿಯ ತುಂಡಿನ ಮೇಲಿನ ಬಿಳಿಯ ದಾರದ ಸಂಗತಿ ಇನ್ನೂ ಸೂಕ್ಷ್ಮ. ಅಲ್ಲಿ ಬಣ್ಣವು ಸಹಾಯಕ್ಕೆ ಬಾರದು, ನೆರಳೊಂದೇ ಗತಿ. ಕಡುಗೆಂಪಿನಲ್ಲಿ ಮೊಬೈಲುಗಳು ಬಹಳವಾಗಿ ಮೋಸಹೋಗುವುವು. ಬಟ್ಟೆಯ ನೇಯ್ಗೆಯೆಲ್ಲ ಕರಗಿ ಕುಂಕುಮದ ಮುದ್ದೆಯಂತೆ ತೋರುವುದು. ಕತ್ತಲೆಯಲ್ಲಿ ತೆಗೆದರೆ ಅವು ಚಿತ್ರವನ್ನು ನಯಮಾಡುವ ನೆವದಿಂದ ಹೊಲಿಗೆಯನ್ನೂ ಅಳಿಸಿಬಿಡುವುವು. ಮುಖದ ಕಲೆಗಳನ್ನು ಮರೆಸುವ ಏರ್ಪಾಡನ್ನು ಮದುವೆಯ ಚಿತ್ರಗಳಿಗೆ ಮೀಸಲಿಟ್ಟು, ಕೌದಿಯ ಚಿತ್ರ ತೆಗೆಯುವಾಗ ಮುಚ್ಚಿಡುವುದು ಲೇಸು.

ಇದಕ್ಕೆಲ್ಲ ಪರಿಹಾರವಾಗಿ ನನಗೆ ದೊರೆತುದು ಆ ಮನೆಯ ಬಾಗಿಲು. ಕಿಟಕಿಗಳಿಲ್ಲದ ಮಣ್ಣಿನ ಕೋಣೆ. ಪಡುವಣಕ್ಕೆ ಒಂದೇ ಬಾಗಿಲು. ಒಳಗೆ ನೆಲದ ಮೇಲೆ, ಬಿಸಿಲು ನೇರವಾಗಿ ಬೀಳದ ಕಡೆ, ಕೌದಿಯನ್ನು ಹಾಸಿದರೆ ಬಾಗಿಲಿನಿಂದ ಬಂದ ಬೆಳಕು ನೆಲವನ್ನು ಸವರಿಕೊಂಡು ಮೆಲ್ಲನೆ ಹರಿಯುವುದು. ನೆರಳುಂಟು, ಕಟುತನವಿಲ್ಲ. ಪಟ್ಟಣದ ಚಿತ್ರಶಾಲೆಗಳಲ್ಲಿ ಬಹಳ ಹಣ ತೆತ್ತು ಏರ್ಪಡಿಸುವ ಬೆಳಕು ಆ ಗುಡಿಸಲಿನಲ್ಲಿ ಬಿಟ್ಟಿಯಾಗಿ ಬಿದ್ದಿತ್ತು. ಬಾಗಿಲ ಕಡೆಯ ಭಾಗ ಬೆಳ್ಳಗೂ ದೂರದ ಭಾಗ ಕಪ್ಪಗೂ ಆಗುವುದರಿಂದ ಒಮ್ಮೆಗೆ ಒಂದು ಗೇಣಿನಷ್ಟನ್ನೇ ತೆಗೆಯಬೇಕು. ಕಪ್ಪು ಬದಿಗೆ ಬಿಳಿಯ ಪಂಚೆಯನ್ನು ಎತ್ತಿ ಹಿಡಿದರೆ ಅಷ್ಟಿಷ್ಟು ಬೆಳಕು ಹಿಂದಿರುಗುವುದು. ತೀರ ಹತ್ತಿರ ಹಿಡಿದರೆ ನೆರಳೇ ಹೋಗಿ, ಪಟ್ಟ ಶ್ರಮವೆಲ್ಲ ವ್ಯರ್ಥ. ಹೊಲಿಗೆಯ ಪಕ್ಕದಲ್ಲಿ ದರ್ಜಿಯ ಅಳತೆಪಟ್ಟಿಯನ್ನಿಟ್ಟು ಒಂದು ಚಿತ್ರವನ್ನು ತೆಗೆದುಕೊಳ್ಳಲು ಮರೆಯಬಾರದು. ಅಂಗುಲಕ್ಕೆ ಎಷ್ಟು ಹೊಲಿಗೆಯೆಂಬುದನ್ನು ಕೊಳ್ಳುವವರು ತಾವೇ ಎಣಿಸಿಕೊಳ್ಳಲಿ.

ಮೇಲ್ಮೈಯ ಕೆಲಸ ಮುಗಿಯಿತೆಂದು ನಾನು ಕ್ಯಾಮೆರಾವನ್ನು ಮುಚ್ಚುವಷ್ಟರಲ್ಲಿ ಅಜ್ಜಿ ಹೇಳಿದರು:

“ತಮ್ಮಾ, ಮ್ಯಾಲಿನ ಬಣ್ಣ ಪ್ಯಾಟ್ಯಾಗೂ ಸಿಗತಾವ. ತಿರುವಿ ಹಾಕು. ನಾ ಹೊಲದದ್ದು ಹಿಂದ ಐತಿ.”

ತಿರುವಿ ಹಾಕಿದೆವು. ಬೆನ್ನಿಗಿದ್ದುದು ತೆಳುವಾದ ಹಸುರು ಸೀರೆ. ಅಲ್ಲಿ ತುಂಡುಗಳ ಗದ್ದಲವಿಲ್ಲ. ಸೂಜಿ ನಡೆದ ದಾರಿ ಮಾತ್ರ. ಸುತ್ತಿನೊಳಗೆ ಸುತ್ತಾಗಿ ನಡುವಿನವರೆಗೆ ಹೋದ ಆ ದಾರಿಯನ್ನು ನೋಡಿದರೆ, ಎಲ್ಲಿ ತೊಡಗಿತು, ಎಲ್ಲಿ ದಾರ ಮುಗಿದು ಹೊಸದು ಬಂದಿತು, ಎಲ್ಲಿ ಕೈ ಬದಲಾಗಿ ಮೊಮ್ಮಗಳು ನಾಲ್ಕು ಹೊಲಿಗೆ ಹಾಕಿದಳು ಎಂಬುದನ್ನೆಲ್ಲ ಓದಬಹುದಾಗಿತ್ತು. ಧಾರವಾಡದ ಕಸೂತಿಯಲ್ಲಿ ಗವಂತಿ ಮುರಗಿಗಳು ಎರಡೂ ಮೈಗೆ ಒಂದೇ ತೆರನಾಗಿ ಬರಬೇಕೆಂಬ ನಿಯಮವಿರುವುದರಿಂದ, ಅಲ್ಲಿ ಹಿಂಬದಿಯನ್ನು ನೋಡುವುದು ಪರೀಕ್ಷೆಗಾಗಿ. ಇಲ್ಲಿಯಾದರೋ ಹಿಂಬದಿಯೇ ಕಥೆ. ಕೌದಿಗಳ ಚಿತ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬೆನ್ನನ್ನು ತೋರಿಸಿದವು ಬೆರಳೆಣಿಕೆಯಷ್ಟು. ಇದು ಚಿತ್ರಗಾರರ ಕೊರತೆಯೇ ಸರಿ.

ಸಿದ್ದಿಯರ ಕೌದಿಗಳು ಹೊರನಾಡಿನವರಿಗೆ ತಿಳಿಯದವೇನಲ್ಲ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಎಂಬವರು ಈ ಹಳ್ಳಿಗಳಲ್ಲಿ ತಿರುಗಾಡಿ, ಹೊಲಿಯುವವರನ್ನು ಮಾತನಾಡಿಸಿ, ಕೌದಿಗಳನ್ನು ಕುರಿತು ಬರೆದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿರುವ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವಾಯಿತು. ಅದೇ ದೇಶದ ಅಲಬಾಮ ಸಂಸ್ಥಾನದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯುಂಟು. ಅಲ್ಲಿಯೂ ಗುಲಾಮರಾಗಿ ಬಂದ ಆಫ್ರಿಕದವರ ಸಂತತಿಯ ಹೆಂಗಸರು ಹಳೆಬಟ್ಟೆಗಳಿಂದ ಕೌದಿ ಹೊಲಿಯುವರು. ಅವರ ಕೌದಿಗಳು 2006ರಲ್ಲಿ ಅಮೆರಿಕೆಯ ಅಂಚೆಚೀಟಿಗಳ ಮೇಲೆ ಬಂದುವು. ಗೌರವವು ದೊಡ್ಡದು, ಆದರೆ ಹೆಬ್ಬೆರಳಿನಗಲದ ಚೀಟಿಯಲ್ಲಿ ಬಣ್ಣದ ಹೊಂದಿಕೆಯಷ್ಟೇ ಕಾಣುವುದಲ್ಲದೆ ಹೊಲಿಗೆ ಕಾಣದು. ಮೊಬೈಲಿನ ತೆರೆಯೂ ಅಂಚೆಚೀಟಿಯ ಅಣ್ಣನೇ. ಅದರಲ್ಲಿ ಕೌದಿಯನ್ನು ತೋರಿಸಬೇಕಾದವರು ಇಡೀ ಕೌದಿಯದೊಂದನ್ನು ಕಳುಹಿಸಿ ಸುಮ್ಮನಾಗದೆ, ಗೇಣಿನಗಲದ್ದೊಂದು, ಬೆರಳಿನಗಲದ್ದೊಂದು, ಬೆನ್ನಿನದೊಂದು ಹೀಗೆ ಕಳುಹಿಸಬೇಕು. ಹೊಲಿದವಳು ಒಪ್ಪಿದರೆ ಅವಳ ಹೆಸರನ್ನೂ ಕೂಡಿಸಬೇಕು. ‘ಬುಡಕಟ್ಟಿನ ಮಹಿಳೆ’ಯೆಂದು ಬರೆದ ಚೀಟಿಗಳನ್ನು ನಾನು ಮಳಿಗೆಗಳಲ್ಲಿ ಕಂಡಿದ್ದೇನೆ. ಆ ಹೆಸರಿನವರು ಯಾವ ಕೇರಿಯಲ್ಲಿಯೂ ಇಲ್ಲ.

ಮನೆಯಲ್ಲಿ ಮೊಬೈಲಿಗೆ ಸಂಕೇತ ಸಿಕ್ಕುತ್ತಿರಲಿಲ್ಲ. ಮೊಮ್ಮಗಳು ರಸ್ತೆಯ ಬಳಿಯ ದಿನ್ನೆಯ ತನಕ ನಡೆದುಹೋಗಿ ಹೊಸ ಚಿತ್ರಗಳನ್ನು ಕಳುಹಿಸಿ ಬಂದಳು. ಅಜ್ಜಿಯ ಒಪ್ಪಿಗೆ ಪಡೆದು ಸೊಟ್ಟ ಸಾಲಿನದನ್ನೂ ಸೇರಿ ಆರು ಚಿತ್ರಗಳು. ಅರ್ಧ ಬೆಲೆಗೆ ಕೇಳಿದ್ದವರಿಂದ ಬಂದ ಮೊದಲ ಉತ್ತರವು, “ಇದು ಬೇರೆ ಕೌದಿಯೇ?” ಎಂಬುದು. ಅಲ್ಲ, ಅದೇ ಎಂದು ಅವಳು ಬರೆದಳು. ಆ ಮೇಲೆ ಬೆಲೆಯ ಮಾತು ಬರಲಿಲ್ಲ; ಕಳುಹಿಸುವ ವೆಚ್ಚವೆಷ್ಟೆಂದು ಕೇಳಿದರು.

ನಮ್ಮ ವಾಚಕರ ಮನೆಗಳಲ್ಲಿ ಮಾರುವ ಕೌದಿಗಳಿರಲಾರವು. ಆದರೆ ಅಜ್ಜಿಯೋ ಅತ್ತೆಯೋ ಹೊಲಿದ ಒಂದಾದರೂ ಇದ್ದೀತು. ಅದು ದಿನವೂ ಸವೆಯುತ್ತಿದ್ದೀತು. ಕೌದಿಯು ಹೊದೆಯಲಿಕ್ಕೆಂದೇ ಹುಟ್ಟಿದುದು. ಹೊದೆಯದೆ ಇಟ್ಟರೆ ನುಸಿಗೆ ಆಹಾರ. ಮಹಾನವಮಿಯ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಒಣಗಿಸುವ ವಾಡಿಕೆ ಅನೇಕ ಮನೆಗಳಲ್ಲಿ ಉಂಟಷ್ಟೆ. ಆ ದಿನ ಅದನ್ನು ಎತ್ತಿಡುವ ಮೊದಲು, ಉಳಿದ ಕಿಟಕಿಗಳನ್ನು ಮುಚ್ಚಿ, ಒಂದು ಬಾಗಿಲಿನ ಬೆಳಕಿನಲ್ಲಿ ನೆಲಕ್ಕೆ ಹಾಸಿ, ಮುಂದನ್ನೂ ಬೆನ್ನನ್ನೂ ತೆಗೆದಿಡಬಹುದು. ಯಾವ ತುಂಡು ಯಾರ ಸೀರೆಯೆಂಬುದನ್ನು ಹೇಳಬಲ್ಲವರು ಇನ್ನೂ ಇದ್ದರೆ, ಅವರ ಬಾಯಿಂದ ಕೇಳಿ ಪಕ್ಕದಲ್ಲಿ ಬರೆದುಕೊಳ್ಳಬಹುದು.

ಅಜ್ಜಿಯ ಸ್ವಂತದ ಕೌದಿಯೊಂದಿತ್ತು. ಅವರ ತಾಯಿ ಹೊಲಿದುದಂತೆ. ಮೇಲಿನ ತುಂಡುಗಳು ಸವೆದು ಅಡಿಯ ತುಂಡುಗಳು ತೋರಿ, ಅವುಗಳ ಮೇಲೆ ಮತ್ತೆ ತುಂಡುಗಳನ್ನಿಟ್ಟು ಹೊಲಿದು, ಮೂರು ಕಾಲದ ಹೊಲಿಗೆಗಳು ಒಂದರ ಮೇಲೊಂದು ಹರಿದಿದ್ದುವು. ಅದನ್ನು ಹೊರಗೆ ತರುವಷ್ಟರಲ್ಲಿ ಸೂರ್ಯನು ಸಾಗವಾನಿಯ ಹಿಂದಕ್ಕೆ ಸರಿದಿದ್ದನು. ಒಂದೆರಡು ಚಿತ್ರ ತೆಗೆದೆನು. ಪಡುವಣ ಬೆಳಕಿಗೆ ತಾಯಿಯ ಸಾಲುಗಳು ಕಂಡುವು. ಅವುಗಳಿಗೆ ಅಡ್ಡವಾಗಿ ಮಗಳು ಹಾಕಿದ್ದವು ಕಾಣಲಿಲ್ಲ. ಅಜ್ಜಿ ಮೊಬೈಲಿನ ತೆರೆಯನ್ನೂ ಆಕಾಶವನ್ನೂ ಒಮ್ಮೆ ನೋಡಿ, ಕೌದಿಯನ್ನು ಮಡಿಸತೊಡಗಿದರು.

“ಇವತ್ತ ಇಲ್ಲೇ ಉಂಡು ಮಲಗು. ನಾಳೆ ಹೊತ್ತ ಹುಟ್ಟೂದಕ್ಕ ತಿರುವಿ ಹಾಸೂಣು,” ಎಂದರು. “ನಂದೂ ಬರಲಿ.”